ಔರಾದಿನ ಹಾಡುಗಳಿದ್ದ ಡಿಸ್ಕ್

ಬರದ ಆ ವರ್ಷಗಳಲ್ಲಿ ನಾನು ಬೀದರಿನ ಒಂದು ಸಣ್ಣ ಸಂಸ್ಥೆಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹಳ್ಳಿ ಹೆಂಗಸರ ಬೀಸುವ ಹಾಡುಗಳನ್ನು ರೆಕಾರ್ಡ್ ಮಾಡಿ ಕಾಪಾಡುವುದು ಸಂಸ್ಥೆಯ ಕೆಲಸ. ಒಂದೇ ಸರ್ವರಿನೊಳಗೆ ಭಾಲ್ಕಿ ತಾಲೂಕಿನ ಹಾಡುಗಳಿಗೊಂದು, ಔರಾದಿನವಕ್ಕೊಂದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಮಾಡಿದ್ದೆವು. ಇಡೀ ಡಿಸ್ಕ್ ತನ್ನದೇ ಎಂದು ಎರಡೂ ತಿಳಿದಿದ್ದವು. ನಿಜಕ್ಕೂ ಇದ್ದದ್ದು ಒಂದೇ. ಜನ ಗುಳೆ ಹೋಗುವುದರೊಳಗೆ ಸಿಕ್ಕಷ್ಟು ಹಾಡು ತರಬೇಕೆಂದು ನನ್ನ ಸಹೋದ್ಯೋಗಿ ಊರೂರು ತಿರುಗುತ್ತಿದ್ದಳು. ಹೊಸ ಡಿಸ್ಕ್ ಕೇಳಿದಾಗಲೆಲ್ಲ ಮುಖ್ಯಸ್ಥರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಡಿಸ್ಕ್ ತುಂಬಿ ಎರಡೂ ಮಷೀನ್ ನಿಂತವು. ಬೇಡದ್ದನ್ನು ಅಳಿಸಿ ಜಾಗ ಮಾಡಿದ ಮೇಲೆ ಭಾಲ್ಕಿಯದು ಶುರುವಾಯಿತು. ಔರಾದಿನದು ಆಗಲಿಲ್ಲ. ಹಾಡು ತುಂಬಿಕೊಳ್ಳುತ್ತಿರುವಾಗಲೇ ನಿಂತದ್ದರಿಂದ ಅದರ ಹಾಡುಗಳೆಲ್ಲ ಇದ್ದ ಒಂದೇ ಫೈಲು ಕೆಟ್ಟುಹೋಗಿತ್ತು. ಇನ್ನೊಂದು ಪ್ರತಿ ಇಡಲು ನಮಗೆ ಬೇರೆ ಜಾಗವೇ ಇರಲಿಲ್ಲ.

"ರೆಕಾರ್ಡರದಾಗ ಏನರ ಉಳದಾವೇನ್ರಿ?" ಎಂದು ಸಹೋದ್ಯೋಗಿಯನ್ನು ಕೇಳಿದೆ.

"ಇಲ್ರಿ, ದಿನಾ ಖಾಲಿ ಮಾಡತಿದ್ದೆ. ನಡೀರಿ, ಮತ್ತ ಹೋಗಿ ಹಾಡಸೋಣು."

ಔರಾದ್ ಕಡೆಯ ಕಮಲನಗರದ ಹತ್ತಿರದ ಒಂದು ಹಳ್ಳಿಗೆ ಹೋದೆವು. ಎಲ್ಲರಿಗಿಂತ ಹೆಚ್ಚು ಹಾಡು ಬರುತ್ತಿದ್ದ ಮುದುಕಿಯ ಮನೆಗೆ ಬೀಗ ಬಿದ್ದಿತ್ತು.

"ಮಗಳ ಸಂಗಾಟ ಪುಣೆಕ್ಕ ಹೋಗಿದ್ಳರಿ," ಎಂದಳು ಪಕ್ಕದ ಮನೆಯಾಕೆ. "ಅಲ್ಲೇ ತೀರಿಕೊಂಡ್ಳಂತ ಸುದ್ದಿ ಬಂತು."

ಸಹೋದ್ಯೋಗಿ ಆ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಆಮೇಲೂ ಎಷ್ಟೋ ದಿನ ಆ ಫೈಲನ್ನು ಸರಿಪಡಿಸಲು ನೋಡಿದೆ. ಒಂದು ಹಾಡೂ ಹೊರಬರಲಿಲ್ಲ. ಕೊನೆಗೆ ಭಾಲ್ಕಿಯ ಹಾಡುಗಳಿಗೆ ಜಾಗ ಬೇಕಾಯಿತು. "ಅಳಸಿಬಿಡ್ರಿ," ಎಂದಳು ಅವಳೇ. ಔರಾದಿನ ಮಷೀನನ್ನು ಅಳಿಸಿದೆ.