ಚಿಕ್ಕಮಾದಮ್ಮನ ಜರಡಿ

ಕೊಪ್ಪದ ಹೊಳೆದಂಡೆಯ ಸುಡುಗಾಡಿನಲ್ಲಿ ಬೆಳಗಿನ ಆರು ಗಂಟೆಗೇ ಚಿಕ್ಕಮಾದಮ್ಮನವರ ದನಿ ಏರಿದೆ. "ಮುಟ್ಬ್ಯಾಡಿ ಅಂತ ಬಾಯಿ ಬಡ್ಕೊಂಡ್ನಲ್ಲ! ಒಲೆತಾವ್ಕೋಗಿ ಒಂದ್ ಲೋಟ ಟೀ ಕುಡ್ದು ಬರೋ ಅಷ್ಟ್ರಲ್ಲಿ ಯಾರು ಸುರ್ದೋರು ಇದ್ನ?"

ಅವರ ಮುಂದೆ ಬಿದಿರಿನ ಮೊರ. ಅದರಲ್ಲಿ ಒಂದು ಗಂಟೆಯಿಂದ ಆಯ್ದಿಟ್ಟ ಮೂಳೆಚೂರು, ಬೂದಿ. ಈಗ ಅದರ ಮೇಲೆ ಬಿಳಿ ಪುಡಿಯ ಗುಪ್ಪೆ. ಪಕ್ಕದಲ್ಲಿ ಖಾಲಿ ಚೀಲ ಹಿಡಿದು ನಿಂತವರು ಮಿರ್ಲೆಯ ಸಿದ್ದಮಲ್ಲಪ್ಪ, ತೀರಿಕೊಂಡ ಉಷಾರಾಣಿಯ ಅಣ್ಣ.

"ವಿಭೂತಿ ಕಣಮ್ಮ. ಕೆಟ್ಟದ್ದೇನಲ್ಲ."

"ನನ್ ಕಣ್ಗೆ ಎಲ್ಡೂ ಬೂದಿನೇ ಯಜಮಾನ್ರೆ. ನಿಮ್ ತಂಗಿ ಯಾವ್ದು, ವಿಭೂತಿ ಯಾವ್ದು, ನೀವೇ ತೋರ್ಸಿ."

ಉಷಾರಾಣಿ ನ್ಯೂಜಿಲೆಂಡಿನಲ್ಲಿ ನರ್ಸ್. ಕೊಪ್ಪದ ಅಕ್ಕ ಶಿವರುದ್ರಮ್ಮನ ಮನೆಗೆ ರಜೆಗೆ ಬಂದವರು ಹೃದಯ ನಿಂತು ತೀರಿಕೊಂಡರು. ಗಂಡ ಬಸವಪ್ರಸಾದ್ ನ್ಯೂಜಿಲೆಂಡಿನಲ್ಲೇ ಬೆನ್ನುಮೂಳೆಯ ಆಪರೇಷನ್ ಆಗಿ ಮಲಗಿದ್ದಾರೆ, ವಿಮಾನದಲ್ಲಿ ಕೂರುವಂತಿಲ್ಲ. "ಅವಳನ್ನ ನನ್ನ ಹತ್ರ ಕಳಿಸಿ" ಎಂದು ಫೋನಿನಲ್ಲಿ ಅತ್ತರು. ಈ ಮನೆತನದಲ್ಲಿ ಹೂಳುವುದೇ ಪದ್ಧತಿ. ಹೂತವರನ್ನು ಕಳಿಸುವುದು ಹೇಗೆ? ಹಾಗಾಗಿ ಏಳು ತಲೆಮಾರಿನಲ್ಲಿ ಮೊದಲ ಸಲ ಸೌದೆ ಒಟ್ಟಿದ್ದಾರೆ. ಸುಡುವುದು ಗೊತ್ತಿಲ್ಲದ ನಲವತ್ತು ಜನ ನಿನ್ನೆ ಬೆಳಿಗ್ಗೆ ಚಿಕ್ಕಮಾದಮ್ಮನಿಗೆ ನಲವತ್ತು ಬಗೆಯಲ್ಲಿ ಸುಡುವುದನ್ನು ಕಲಿಸಿದ್ದಾರೆ.

ಐವತ್ತೆಂಟರ ಚಿಕ್ಕಮಾದಮ್ಮನವರಿಗೆ ಈ ಕೆಲಸ ಹದಿನಾಲ್ಕು ವರ್ಷದ್ದು. ಗಂಡ ಮರಿಯಯ್ಯನ ಕಣ್ಣು ಹೊಗೆಗೆ ಸೋತಾಗ ಚಿತೆ ಕೆದಕುವ ಬಿದಿರುಗಳು ಇವರ ಕೈಗೆ ಬಂದವು. ಪಂಚಾಯಿತಿಯ ರಿಜಿಸ್ಟರಿನಲ್ಲಿ ಇಂದಿಗೂ 'ಸುಟ್ಟವರು: ಮರಿಯಯ್ಯ'. "ಆ ಯಪ್ಪ ಜಗಲಿ ಮ್ಯಾಲೆ ರೇಡಿಯೋ ಕೇಳ್ತಾ ಹೆಣ ಸುಡ್ತಾನೆ ನೋಡಿ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ತಿರುಗಿ.

ತಿಂಗಳಿಗೆ ಹತ್ತೋ ಹನ್ನೆರಡೋ ಹೆಣ, ಒಂದೊಂದಕ್ಕೆ ಮುನ್ನೂರೈವತ್ತು ಕಿಲೋ ಸೌದೆ. ವರ್ಷಕ್ಕೆ ನಾಲ್ಕೈದು ಮಂದಿಯ ಬೂದಿ ವಿಮಾನ ಹತ್ತುತ್ತದೆ. ಅದರ ಗೋಳೇ ಬೇರೆ. ನೀರು ಹಾಕದೆ ಒಂದು ಹಗಲು, ಒಂದು ರಾತ್ರಿ ತಾನಾಗಿಯೇ ಆರಬೇಕು. ಒದ್ದೆಯಿದ್ದರೆ ಡಬ್ಬಿಯಲ್ಲಿ ಬೂಸ್ಟು. ತಾಮ್ರದ ಬಿಂದಿಗೆ ತಂದರೆ ಏರ್‌ಪೋರ್ಟಿನ ಮೆಷಿನ್ನಿಗೆ ಒಳಗಿನದು ಕಾಣದು. ಮರ ಇಲ್ಲವೇ ಪ್ಲಾಸ್ಟಿಕ್ಕೇ ಆಗಬೇಕು. ಮರಣ ಪತ್ರ, ಸುಟ್ಟಿದ್ದಕ್ಕೆ ರಸೀದಿ, ಒಳಗೆ ಈ ಒಬ್ಬರ ಅಸ್ಥಿಯ ಹೊರತು ಬೇರೇನಿಲ್ಲ ಎಂಬ ಹೇಳಿಕೆ. ಹೇಳಿಕೆಯ ಕೆಳಗೆ ಮಾತ್ರ ಚಿಕ್ಕಮಾದಮ್ಮನವರದೇ ಹೆಬ್ಬೆಟ್ಟು. ಹೋದ ವರ್ಷ ಒಂದು ಮನೆಯವರು ಕದ್ದು ಹಾಲು ಹುಯ್ದರು. ಡಬ್ಬಿ ವಾಪಸು ಬಂತು, ಬೈಗುಳ ಇವರಿಗೆ ಬಂತು.

"ಇದ್ರಲ್ಲಿ ವಿಭೂತಿ ಐತೆ ಅಂತ ಗೊತ್ತಿದ್ದೂ ಎಂಗೆ ಒತ್ಲಿ ಹೆಬ್ಬೆಟ್ಟ? ನಾಳೆ ಸಂಜೆ ವಿಮಾನ ಅಂತೀರಿ. ಯಾಕ್ ಸುರುದ್ರಿ?"

ಸಿದ್ದಮಲ್ಲಪ್ಪ ಚೀಲವನ್ನು ಮಡಚುತ್ತಾ, ಬಿಚ್ಚುತ್ತಾ ನಿಲ್ಲುತ್ತಾರೆ. "ಹೂಳೋ ಗುಂಡಿಯೊಳಗೆ ಹಾಕೋಕೆ ಅಂತ ತಂದಿದ್ದೆ. ಅಪ್ಪನಿಗೆ, ಅವ್ವನಿಗೆ ನಾನೇ ಹಾಕಿದ್ದೆ. ಇವಳಿಗೆ ಗುಂಡಿನೇ ಇಲ್ಲವಲ್ಲಮ್ಮ."

ಚಿಕ್ಕಮಾದಮ್ಮ ಎದ್ದು ಗುಡಿಸಲಿನತ್ತ ನಡೆಯುತ್ತಾರೆ. ಒಳಗೆ ಹೋಗಿ ಜರಡಿ ತರುತ್ತಾರೆ, ಜೊತೆಗೆ ಹಲ್ಲುಜ್ಜುವ ಹಳೆಯ ಬ್ರಷ್ಷು. ಕೆಳಗೆ ಬಿಳಿ ಪಂಚೆ ಹಾಸಿ ಜರಡಿ ಆಡಿಸುತ್ತಾರೆ. ವಿಭೂತಿಯೂ ನಯವಾದ ಬೂದಿಯೂ ಒಟ್ಟಿಗೆ ಇಳಿಯುತ್ತವೆ. ಮೂಳೆಚೂರು ಮೇಲೆ ಉಳಿಯುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ಬ್ರಷ್ಷಾಡಿಸುತ್ತಾರೆ. "ಇಷ್ಟ್ ವರ್ಸದಲ್ಲಿ ಮೂಳೆಗೆ ಬ್ರಷ್ ಆಕಿದ್ದು ಇದೇ ಮೊದ್ಲು. ಎಲ್ಲ ನಿಮ್ ದೆಸೆಯಿಂದ," ಎಂಬ ಗೊಣಗು ಬಿಸಿಲೇರುವವರೆಗೂ ನಿಲ್ಲುವುದಿಲ್ಲ.

ಆಮೇಲೆ ಪಂಚೆಯ ನಾಲ್ಕು ಮೂಲೆ ಕಟ್ಟಿ ಸಿದ್ದಮಲ್ಲಪ್ಪನವರ ಕೈಗಿಡುತ್ತಾರೆ. "ಮ್ಯಾಲಿಂದು ನಿಮ್ ಭಾವುಂಗೆ. ಕೆಳಗಿಂದ್ರಲ್ಲಿ ನಿಮ್ ತಂಗಿನೂ ಅವ್ಳೆ, ವಿಭೂತಿನೂ ಐತೆ. ಒಲ್ದಲ್ಲಿ ಅಪ್ಪ ಅವ್ವನ ಪಕ್ಕ ಗುಂಡಿ ತೋಡಿ ಓಗಿ."

ಸಿದ್ದಮಲ್ಲಪ್ಪ ಗಂಟನ್ನು ಎದೆಗೊತ್ತಿಕೊಂಡು ತಲೆಯಾಡಿಸುತ್ತಾರೆ.

ಚಿಕ್ಕಮಾದಮ್ಮ ಮೂಳೆಚೂರನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಟೇಪು ಸುತ್ತಿ, ಹೇಳಿಕೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ನಾನು ಕೇಳಿದರೆ ಮತ್ತೆ ರೇಗುತ್ತಾರೆ.

"ನನ್ ಇಸ್ಯ ಏನ್ ಬರೀತೀರಿ, ಬುಡಿ. ಈ ಡಬ್ಬಿಲಿ ಇರೋದು ಉಷಾರಾಣಮ್ಮ ಒಬ್ರೇ. ಅಷ್ಟ್ ಬರ್ಕಳಿ."