ಏಕನಾಥರು ಬರೆದ ವರದಿಗಳು

ಬೀದರಿನ ಕೋಟೆಯ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಎರಡು ಬೇವಿನ ಮರಗಳ ನಡುವೆ, ಕೆಂಪು ಕಲ್ಲಿನ ಒಂದು ಚಿಕ್ಕ ದೇವಾಲಯವಿತ್ತು. ಬಿಳಿಯ ಸಾಹೇಬರ ಕಾಲದಲ್ಲಿ ಆಂಗ್ಲಿಕನ್ ಪದ್ಧತಿಯ ಆರಾಧನೆಗೆಂದು ಕಟ್ಟಿದ್ದು. ಸಾಹೇಬರು ಹೊರಟುಹೋದ ಮೇಲೆ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಬಂದು ಊರಲ್ಲಿ ನೆಲೆಸಿದ್ದ ನಲವತ್ತು ಕ್ರೈಸ್ತ ಮನೆಗಳವರು ಅದನ್ನು ನಡೆಸಿಕೊಂಡು ಬಂದರು. ಆ ಸಭೆಗೆ ಬಹಳ ವರ್ಷ ವಾಚಕರಾಗಿದ್ದವರು ಎಕಂಬಾದ ಏಕನಾಥರು.

ನಾನು ಆ ಸಭೆಯವನಲ್ಲ. ಭಾಲ್ಕಿಯ ಶರಣರ ಮನೆತನದವನು, ಬೀದರಿನಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಆದರೆ ಏಕನಾಥರಿಗೆ ಕನ್ನಡ ಅಕ್ಷರ ತಿದ್ದಿಸಿದವನು ನಾನು. ಅವರು ತೀರಿಹೋಗಿ ಹತ್ತು ವರ್ಷಗಳಾದವು. ಅವರ ಬಗ್ಗೆ ಬರೆಯುವುದು ಇನ್ನೂ ಬಾಕಿಯಿದೆಯೆಂದು ಮನಸ್ಸು ಆಗಾಗ ಚುಚ್ಚುತ್ತದೆ.

ವಾಚಕರೆಂದರೆ ಪಾದ್ರಿಯಲ್ಲ. ಪಾದ್ರಿಗಳು ಇದ್ದಾಗ ಶಾಸ್ತ್ರ ಓದುವವರು, ಇಲ್ಲದಾಗ ಪ್ರಾರ್ಥನೆ ನಡೆಸುವವರು. ಸತ್ತವರನ್ನು ಮಣ್ಣು ಮಾಡುವ ಪಾಠವನ್ನೂ ಓದಬಹುದು. ಆದರೆ ಯೇಸುವಿನ ಕಡೆಯ ಊಟದ ನೆನಪಿಗೆ ಮಾಡುವ ಕರ್ತನ ಭೋಜನವನ್ನು ಕೊಡುವ ಅಧಿಕಾರ ಅವರಿಗಿಲ್ಲ. ರೊಟ್ಟಿಯ ಚೂರನ್ನೂ ದ್ರಾಕ್ಷಾರಸದ ಬಟ್ಟಲನ್ನೂ ಪಾದ್ರಿಗಳೇ ಪ್ರತಿಷ್ಠಿಸಿ ಜನರಿಗೆ ಕೊಡಬೇಕು. ಏಕನಾಥರಿಗೆ ಆ ಪಾಠವೆಲ್ಲ ಬಾಯಿಪಾಠವಾಗಿತ್ತು. ಆದರೂ ಅದು ಶುರುವಾಗುವ ಪುಟ ಬಂದಕೂಡಲೇ ಪುಸ್ತಕ ಮುಚ್ಚಿ ಹಿಂದೆ ಸರಿಯುತ್ತಿದ್ದರು.

ಆ ರೊಟ್ಟಿಯನ್ನು ಮಾಡುತ್ತಿದ್ದವರು ಅವರ ಹೆಂಡತಿ ಶಾಲುಬಾಯಿ. ಎಷ್ಟು ಜನ ಭೋಜನ ತೆಗೆದುಕೊಳ್ಳುವರೆಂದು ವಾಚಕರು ಶನಿವಾರ ಸಂಜೆಯೇ ಪಾದ್ರಿಗಳಿಗೆ ಹೇಳಬೇಕಿತ್ತು. ಪ್ರತಿಷ್ಠೆಯಾದ ರೊಟ್ಟಿಯನ್ನು ಮನೆಗೆ ಒಯ್ಯುವಂತಿಲ್ಲ, ಚೆಲ್ಲುವಂತಿಲ್ಲ. ಹೆಚ್ಚಾಗಿ ಉಳಿದರೆ ಅಲ್ಲಿಯೇ ತಿಂದು ಮುಗಿಸಬೇಕು. ಆದ್ದರಿಂದ ಪಾದ್ರಿಗಳು ಎಣಿಸಿ ಚೂರು ಮಾಡುತ್ತಿದ್ದರು. ಏಕನಾಥರ ಎಣಿಕೆ ಒಂದು ಸಲವೂ ತಪ್ಪಿದ್ದಿಲ್ಲ.

ಸಾವಿರದ ಒಂಬೈನೂರ ಐವತ್ತಾರರ ನವೆಂಬರದಲ್ಲಿ ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಏಕನಾಥರು ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಉರ್ದುವಿನಲ್ಲಿ ಕಾಗದ ಬರೆದವರು. ಮನೆಮಾತು ಕನ್ನಡವೇ, ಆದರೆ ಕೈಗೆ ಆ ಲಿಪಿ ಬಾರದು. ಇನ್ನು ಮೇಲೆ ಕಾಗದಗಳು ಕನ್ನಡದಲ್ಲಿ ಆಗಬೇಕೆಂದು ಕೇಳಿದ ದಿನವೇ ಒಂದು ಪಾಟಿ ಕೊಂಡು ನಮ್ಮ ಮನೆಗೆ ಬಂದರು. ಆಗ ಅವರಿಗೆ ಐವತ್ತೊಂದು ವರ್ಷ, ನನಗೆ ಇಪ್ಪತ್ತಾರು.

“ಮಾಸ್ತರ, ಬಲದಿಂದ ಎಡಕ್ಕ ಓಡಿದ ಕೈ ಇದು. ಈಗ ಎಡದಿಂದ ಬಲಕ್ಕ ಅಂದ್ರ ತುಂಬಿದ ಬಂಡಿ ಹಿಂದಕ್ಕ ನೂಕಿದಂಗ ಆಗ್ತದ್ರಿ,” ಎಂದರು.

ಶಾಲುಬಾಯಿ ಒಂದು ದಿನ ಮಜ್ಜಿಗೆ ತಂದುಕೊಟ್ಟು ಅವರ ಪಾಟಿಯನ್ನು ಬಗ್ಗಿ ನೋಡಿದರು. “ಏನ್ ಮಾಸ್ತರ, ಛಡಿ ಇಟ್ಟೀರೋ ಇಲ್ಲೋ? ಇಲ್ದಿದ್ರ ನಮ್ಮನಿ ಲಟ್ಟಣಿಗಿ ಕೊಡ್ತೇನಿ. ಮೂವತ್ತು ವರ್ಷ ನನ್ನ ಮಾತ ತಿದ್ದ್ಯಾರ ಇವರು, ಈಗ ತಿದ್ದಿಸ್ಕೊಳ್ಳಿ.”

ಏಕನಾಥರು ತಲೆಯೆತ್ತದೆ ‘ಳ’ ಬರೆಯುತ್ತಲೇ ಇದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಜನವರಿಯ ಕೊನೆಯಲ್ಲಿ ಸಭೆಯ ಹಳೆಯ ಪಾದ್ರಿಗಳಿಗೆ ವರ್ಗವಾಯಿತು. ಅವರು ತೆಲುಗಿನವರು; ಸೀಮೆ ಬೇರೆಯಾದ ಮೇಲೆ ತೆಲುಗು ನಾಡಿಗೆ ಕರೆಸಿಕೊಂಡರು. ಅವರ ಕೊನೆಯ ಭಾನುವಾರ ಎಲ್ಲರೂ ಭೋಜನ ತೆಗೆದುಕೊಂಡರು, ಶಾಲುಬಾಯಿಯೊಬ್ಬರ ಹೊರತು. ಅವರು ದೇವಾಲಯದ ಹಿಂದೆ ನಲವತ್ತು ಮನೆಯವರ ಬೀಳ್ಕೊಡುಗೆಯ ಊಟಕ್ಕೆ ಒಲೆಯ ಮುಂದೆ ಕೂತಿದ್ದರು. ಭೋಜನದ ಗಂಟೆಯಾದಾಗ ಅನ್ನ ತಳ ಹಿಡಿಯುವ ಹೊತ್ತು.

“ಇರ್ಲಿ ಬಿಡ್ರಿ, ಹೊಸ ಪಾದ್ರಿ ಸಾಹೇಬರ ಕೈಯಿಂದ ತಗೊಳ್ತೇನಿ. ಮೊದಲನೇ ರೊಟ್ಟಿ ನಂದೇ,” ಎಂದು ಸೆರಗಿಗೆ ಕೈ ಒರೆಸಿಕೊಂಡರಂತೆ.

ಹೊಸಬರು ಎಂಥವರು ಬೇಕೆಂದು ತೀರ್ಮಾನಿಸಲು ಸಭೆಯವರು ಬೇವಿನ ಕೆಳಗೆ ಕೂಡಿದರು. ಬಿಷಪ್ಪರ ಕಚೇರಿಗೆ ಕೋರಿಕೆ ಬರೆಯಬೇಕಾದ ಕಾರಣ ಏಕನಾಥರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಮಲನಗರದಿಂದ ಬಂದು ಇಲ್ಲಿ ಬಟ್ಟೆ ಹೊಲಿಯುತ್ತಿದ್ದ ಮಚ್ಛೇಂದ್ರ ಮೊದಲು ಎದ್ದ.

“ಕಾಕಾ, ಮರಾಠಿ ಬರೋರು ಬೇಕು ಅಂತ ಬರೀರಿ. ಮರಾಠಿ ಗೀತ ಇಲ್ಲಂದ್ರ ಆರಾಧನಿ ಸಪ್ಪಗ ಆಗ್ತದ.”

ಹಿಂದಿನಿಂದ ಶಾಲುಬಾಯಿಯ ಧ್ವನಿ ಬಂತು. “ಮಚ್ಛಿಂದ್ರ, ನಿನ್ನ ಗೀತ ಕೇಳೇ ಹಿಂದಿನವರು ಹೋದ್ರು. ಕಿವಿ ಸ್ವಲ್ಪ ಮಂದ ಇದ್ದವರನ್ನ ಕಳಸ್ರಿ ಅಂತ ಬರೀಲಿ.”

ಎಲ್ಲರೂ ನಕ್ಕರು, ಮಚ್ಛೇಂದ್ರನೂ ನಕ್ಕ. ಕನ್ನಡ, ಮರಾಠಿ ಎರಡೂ ಬಲ್ಲ, ಮನೆಮನೆಗೆ ಬಂದು ಕೂರುವ ಪಾದ್ರಿ ಬೇಕೆಂದು ಬರೆದೆವು. ಉತ್ತರ ಬೇಗ ಬಂತು. ಪಾದ್ರಿಗಳು ಕಡಿಮೆ, ಖಾಲಿ ಇರುವ ಸಭೆಗಳು ಹೆಚ್ಚು. ಮೂರು ತಿಂಗಳಿಗೊಮ್ಮೆ ನಿಮ್ಮ ಸ್ಥಿತಿಗತಿಯ ವರದಿ ಕಳುಹಿಸಿರಿ, ಅಗತ್ಯವನ್ನು ನೋಡಿ ನಿಶ್ಚಯಿಸುತ್ತೇವೆ ಎಂದಿತ್ತು.

ಮಾರ್ಚಿ ಮುಗಿಯುವಾಗ ಏಕನಾಥರು ಮೊದಲ ವರದಿ ಬರೆದು ತಂದರು. ಅವರು ತಾವಾಗಿಯೇ ಬರೆದ ಮೊದಲ ಕನ್ನಡ ಕಾಗದವೂ ಅದೇ. “ದೇವರ ದಯೆಯಿಂದ ಇಲ್ಲಿ ಎಲ್ಲವೂ ಖೈರಿಯತ್. ಆರಾಧನೆ ಒಂದು ವಾರವೂ ತಪ್ಪಿಲ್ಲ. ದೀಪ, ಗಂಟೆ, ಗೀತ ಎಲ್ಲ ಸರಿಯಾಗಿ ನಡೆದಿವೆ. ಯಾವ ಕೊರತೆಯೂ ಇಲ್ಲ. ಪಾದ್ರಿಗಳನ್ನು ಬೇಗ ಕಳುಹಿಸಬೇಕೆಂದು ವಿನಂತಿ.” ನಾನು ‘ಖೈರಿಯತ್’ ಹೊಡೆದುಹಾಕಿ ‘ಕ್ಷೇಮ’ ಎಂದು ತಿದ್ದಿದೆ. ಎರಡು ಕಡೆ ಒತ್ತಕ್ಷರ ಸರಿಪಡಿಸಿದೆ. ಶಹಬಾಸ್ ಎಂದೆ. ಅವರು ಶಾಲೆಯ ಮಕ್ಕಳಂತೆ ಹಿಗ್ಗಿದರು. ಜೂನಿನ ವರದಿಯೂ ಹೀಗೆಯೇ ಹೋಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಶಾಲುಬಾಯಿ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಕೊಯ್ಯುವ ಹಂತ ದಾಟಿದೆ ಎಂದು ವೈದ್ಯರು ಹೇಳಿದರು. ಇವರಿಗೆ ಮಕ್ಕಳಿಲ್ಲ. ಪಕ್ಕದ ಮನೆಯ ಹಮೀದುನ್ನಿಸಾ ದಿನಾ ಗಂಜಿ ತಂದು ಕುಡಿಸುತ್ತಿದ್ದರು. ನಾನು ನೋಡಲು ಹೋದರೆ ಶಾಲುಬಾಯಿ ಕೇಳುತ್ತಿದ್ದುದು ಒಂದೇ ಮಾತು.

“ಮಾಸ್ತರ, ಕಾಗದ ಬಂತೇನ್ರಿ? ನಾನೇ ಸುಟ್ಟ ರೊಟ್ಟಿ ತಿನ್ನಾಕ ನಾನೇ ಹಾದಿ ಕಾಯಬೇಕಾಗ್ಯಾದ ನೋಡ್ರಿ.”

ಊರಲ್ಲಿ ಬೇರೆ ಮಿಶನ್ನಿನ ಪಾದ್ರಿಗಳು ಇದ್ದರು. ಅವರನ್ನು ಕರೆಸೋಣವೆಂದು ಮಚ್ಛೇಂದ್ರ ಅಂದ. ಆದರೆ ಆ ಕಾಲದಲ್ಲಿ ಒಂದು ಸಭೆಯವರು ಇನ್ನೊಂದು ಸಭೆಯ ಭೋಜನ ತೆಗೆದುಕೊಳ್ಳುವ ವಾಡಿಕೆ ಇಲ್ಲಿರಲಿಲ್ಲ. ಶಾಲುಬಾಯಿಯೂ ಬೇಡವೆಂದು ತಲೆಯಾಡಿಸಿದರು. ತಾನು ಮೂವತ್ತು ವರ್ಷ ತಿಕ್ಕಿ ತೊಳೆದ ಬಟ್ಟಲಿನಲ್ಲೇ ಆಗಬೇಕೆಂದರು.

ಸೆಪ್ಟೆಂಬರದ ವರದಿಯಲ್ಲಿಯೂ “ಯಾವ ಕೊರತೆಯೂ ಇಲ್ಲ” ಎಂಬ ಸಾಲು ಇದ್ದೇ ಇತ್ತು. ಆಗ ನಾನು ತಡೆಯಲಾರದೆ, “ಮನೆಯವರ ಮಾತು ಬರೀರಿ, ಇಷ್ಟು ಕಾಹಿಲೆ ಅದ ಅಂತ ಹೇಳ್ರಿ,” ಎಂದೆ.

“ಮನಿ ಖಾನಗಿ ಮಾತು ವರದಿಯಾಗ ಬರಬಾರದ್ರಿ,” ಎಂದರು. “ನಾ ಔರಾದದಾಗ ಹೊಸದಾಗಿ ಕೆಲಸಕ್ಕ ಸೇರಿದಾಗ ದಫ್ತರದ ಛಾವಣಿ ಸೋರ್ತದ ಅಂತ ಬರೆದಿದ್ದೆ. ಮ್ಯಾಲಿನವರು ಏನ್ ಕೇಳಿದ್ರು ಗೊತ್ತದೇನ್ರಿ? ಅದು ಸೋರೋತನಾ ನೀ ಏನ್ ಮಾಡ್ತಿದ್ದಿ, ಜವಾಬು ಕೊಡು ಅಂದ್ರು. ಅವತ್ತಿನಿಂದ ನಾ ಕೊರತಿ ಬರೆದಿಲ್ಲ. ಚೊಕ್ಕ ನಡಸೋ ಮಂದಿಗಿ ಚೊಕ್ಕ ಪಾದ್ರಿ ಸಿಗ್ತಾರ, ನೋಡ್ತಿರ್ರಿ.”

ನಾನು ಅಲ್ಲಿಗೆ ಬಿಟ್ಟೆ. ಅಕ್ಷರ ನೋಡಿದೆ, ಒಂದೂ ತಪ್ಪಿರಲಿಲ್ಲ. ಹಾಗೆಂದು ಹೇಳಿ ಕಾಗದ ಮರಳಿ ಕೊಟ್ಟೆ.

ದಸರೆ ಕಳೆದು ಎರಡು ವಾರಕ್ಕೆ ಬಿಷಪ್ಪರ ಕಚೇರಿಯಿಂದ ಕಾಗದ ಬಂತು. ಏಕನಾಥರು ಅದನ್ನು ಒಡೆಯದೆ ಮನೆಗೆ ತಂದು, ಶಾಲುಬಾಯಿಯ ತಲೆದಿಂಬಿನ ಬಳಿ ಕುಳಿತು ಒಡೆದರು. ನಾನೂ ಹಮೀದುನ್ನಿಸಾ ಅವರೂ ಅಲ್ಲಿದ್ದೆವು. ಕಾಗದದಲ್ಲಿ ಹೀಗಿತ್ತು: ಬೀದರಿನ ಮೂರು ವರದಿಗಳನ್ನು ಓದಿ ಬಹಳ ಸಂತೋಷವಾಯಿತು. ಪಾದ್ರಿಯಿಲ್ಲದೆಯೂ ಇಷ್ಟು ಕ್ರಮವಾಗಿ ನಡೆಯುತ್ತಿರುವ ಸಭೆ ಇನ್ನೊಂದಿಲ್ಲ. ಈಗ ಇರುವ ಒಬ್ಬ ಪಾದ್ರಿಯನ್ನು, ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿರುವ ಬೇರೆ ಸಭೆಗೆ ಮೊದಲು ಕಳುಹಿಸುತ್ತೇವೆ. ನೀವು ಮುಂದಿನ ವರ್ಷದವರೆಗೆ ತಾಳಬಲ್ಲಿರೆಂದು ನಂಬಿದ್ದೇವೆ.

ಏಕನಾಥರು ಎರಡು ಸಾಲು ಗಟ್ಟಿಯಾಗಿ ಓದಿದರು. ಉಳಿದುದನ್ನು ಮನಸ್ಸಿನಲ್ಲೇ ಓದಿ ಮುಗಿಸಿ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಏನ್ ಬರೆದಾರ್ರಿ?” ಎಂದರು ಶಾಲುಬಾಯಿ.

“ನಾ ಭಾಳ ಛಲೋ ನಡಸ್ತೇನಿ ಅಂತ ಬರೆದಾರ.”

ಆಕೆ ಗಂಡನ ಮುಖ ನೋಡಿದರು. ಅರ್ಥವಾಗಿರಬೇಕು. “ಛಲೋನೇ ನಡಸ್ತೀರಲ್ಲ. ಸುಳ್ಳ ಏನ್ ಬರೆದಾರ ಅವರು?” ಎಂದು ಕೈಚಾಚಿ ಅವರ ಕೋಟಿನ ತೋಳನ್ನು ಹಿಡಿದುಕೊಂಡರು.

ಹಮೀದುನ್ನಿಸಾ ತಾಳಲಾರದೆ ಹೇಳಿದರು. “ಭಾಯಿಸಾಬ, ಆ ದುವಾ ಎಲ್ಲಾ ನಿಮಗ ಬಾಯಾಗ ಅದ. ಬಟ್ಟಲ ಇಟ್ಟ ಅಲಮಾರಿ ಕೀಲಿ ನಿಮ್ಮ ಕಿಸೆದಾಗ ಅದ. ರೊಟ್ಟಿ ನಾ ಸುಟ್ಟು ಕೊಡ್ತೇನಿ, ಹದ ಇವರೇ ಕಲಿಸ್ಯಾರ. ನೀವೇ ಓದಿ ಕೊಟ್ಟುಬಿಡ್ರಿ. ಮ್ಯಾಲೆ ಕೂತಾವ ತಪ್ಪು ಹಿಡೀತಾನೇನು?”

ಏಕನಾಥರ ಕೈ ಕೋಟಿನ ಕಿಸೆಗೆ ಹೋಯಿತು. ಕೀಲಿಯ ಮೇಲೆಯೇ ಕೈ ಇತ್ತೆಂದು ಬಟ್ಟೆಯ ಮೇಲಿನಿಂದಲೇ ಕಾಣುತ್ತಿತ್ತು. ಶಾಲುಬಾಯಿ ನಕ್ಕರು, ನಗುವುದಕ್ಕೂ ನೋವಾಗುತ್ತಿತ್ತು.

“ಬ್ಯಾಡ್ರಿ. ಆ ಪುಟಕ್ಕ ಬಂದಾಗೊಮ್ಮಿ ಇವರು ಪುಸ್ತಕ ಮುಚ್ಚೋದ ಹಿಂದಿನ ಬೆಂಚಿನ್ಯಾಗ ಕೂತು ನೋಡೇನಿ ನಾ. ನನ್ನ ಸಲುವಾಗಿ ತೆರೆದ್ರ, ನಾ ಹೋದಮ್ಯಾಲೆ ಇವರಿಗಿ ನಿದ್ದಿ ಹತ್ತಂಗಿಲ್ಲ.”

ಅಂದೇ ಏಕನಾಥರು ನಾಲ್ಕನೆಯ ಕಾಗದ ಬರೆದರು. ನನಗೆ ತೋರಿಸಲಿಲ್ಲ. ತಾವೇ ಅಂಚೆಗೆ ಹಾಕಿ ಬಂದರು.

ನವೆಂಬರದ ಹದಿನೇಳನೆಯ ತಾರೀಖು, ಭಾನುವಾರ, ಗಂಡ ಆರಾಧನೆ ಮುಗಿಸಿ ಬರುವವರೆಗೆ ಶಾಲುಬಾಯಿ ಕಾದರು. ಬಂದು ಕೂತ ಸ್ವಲ್ಪ ಹೊತ್ತಿಗೆ ಪ್ರಾಣ ಬಿಟ್ಟರು. ಮರುದಿನ ಬೆಳಿಗ್ಗೆ ಮಣ್ಣಿನ ಪಾಠವನ್ನು ಏಕನಾಥರೇ ಓದಿದರು. ಹೆಂಡತಿಗಾಗಿ ಅವರು ಓದಬಹುದಾಗಿದ್ದ ಪಾಠ ಅದೊಂದೇ ಆಗಿತ್ತು. ಓದು ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಆಮೆನ್ ಮಾತ್ರ ಮಚ್ಛೇಂದ್ರ ಹೇಳಬೇಕಾಯಿತು.

ಹನ್ನೆರಡನೆಯ ದಿನ ಪಾದ್ರಿಗಳು ರೈಲಿನಿಂದ ಇಳಿದರು. ಮೈಸೂರು ಕಡೆಯ ತರುಣರು. ನಿಲ್ದಾಣದಲ್ಲಿಯೇ ಏಕನಾಥರ ಕೈ ಹಿಡಿದು, “ಬಿಷಪ್ಪರು ತಿಂಗಳ ಸಂಚಾರ ಮುಗಿಸಿ ಬಂದು ನಿಮ್ಮ ಕಾಗದ ಕಂಡ ದಿನವೇ ನನ್ನನ್ನು ಹೊರಡು ಎಂದರು. ಮೊದಲೇ ಹೀಗೆ ಬರೆಯಬಾರದಿತ್ತೇ? ಮನೆಯವರು ಈಗ ಹೇಗಿದ್ದಾರೆ?” ಎಂದು ಕೇಳಿದರು.

ಏಕನಾಥರು ಇನ್ನೊಂದು ಕೈಯಿಂದ ಅವರ ಪೆಟ್ಟಿಗೆ ಎತ್ತಿಕೊಂಡರು. ಪಾದ್ರಿಗಳು ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಹಿಡಿದ ಕೈಯನ್ನು ಮನೆ ಬರುವವರೆಗೂ ಬಿಡಲಿಲ್ಲ.

ಆ ಭಾನುವಾರ ಡಿಸೆಂಬರದ ಮೊದಲನೆಯ ತಾರೀಖು. ಹತ್ತು ತಿಂಗಳ ಮೇಲೆ ಭೋಜನವೆಂದು ಎಕಂಬಾ, ಬಗದಲ್ ಕಡೆಗೆ ಹೋಗಿದ್ದವರೂ ಬಂದಿದ್ದರು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದೆ. ರೊಟ್ಟಿಯನ್ನು ಹಮೀದುನ್ನಿಸಾ ಸುಟ್ಟು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಎಷ್ಟು ಜನರೆಂದು ಶನಿವಾರ ಸಂಜೆ ಪಾದ್ರಿಗಳು ಕೇಳಿದಾಗ ಏಕನಾಥರು ಪಟ್ಟಿ ನೋಡದೆ “ಎಪ್ಪತ್ತೆರಡು” ಎಂದಿದ್ದರು. ಜನ ಸಾಲಾಗಿ ಬಂದು ಮೊಣಕಾಲೂರಿ ತೆಗೆದುಕೊಂಡು ಹೋದರು. ಕಡೆಗೆ ಏಕನಾಥರು ತೆಗೆದುಕೊಂಡು ಎದ್ದರು. ತಟ್ಟೆಯಲ್ಲಿ ಒಂದು ಚೂರು ಉಳಿದಿತ್ತು.

ಪಾದ್ರಿಗಳು ಬಗ್ಗಿ ಮೆಲ್ಲನೆ ಹೇಳಿದರು. “ಒಂದು ಹೆಚ್ಚಾಗಿದೆಯಲ್ಲ. ಯಾರಾದರೂ ಬರಲಿಲ್ಲವೇ?”

“ಎಲ್ಲಾರೂ ಬಂದಾರ್ರಿ,” ಎಂದರು ಏಕನಾಥರು. ಬೆಂಚುಗಳ ಕಡೆಗೆ ತಿರುಗಿ ಒಂದೊಂದೇ ಸಾಲನ್ನು ನೋಡಿದರು. ಹಿಂದಿನ ಬೆಂಚಿನವರೆಗೆ ಬಂದ ಕಣ್ಣು ಅಲ್ಲಿಯೇ ನಿಂತಿತು. “ನಂದೇ ತಪ್ಪಾತ್ರಿ ಸಾಹೇಬರ. ಹೋದ ವರ್ಷದ ಎಣಿಕಿ ಹೇಳಿಬಿಟ್ಟೆ. ಎಪ್ಪತ್ತೊಂದು ಆಗಬೇಕಿತ್ತು.”

ಪಾದ್ರಿಗಳಿಗೆ ತಿಳಿಯಿತು. ಉಳಿದದ್ದನ್ನು ತಾವೇ ತಿಂದು ಮುಗಿಸಬಹುದಾಗಿತ್ತು. ತಾವು ಬಯಸಿದವರನ್ನು ಕರೆದು ಕೊಡುವುದಕ್ಕೂ ಅಪ್ಪಣೆಯಿತ್ತು. ಅವರು ಕೈಯಿಂದ ಕರೆದರು. ಏಕನಾಥರು ಮತ್ತೆ ಮೊಣಕಾಲೂರಿದರು. ಎರಡೂ ಅಂಗೈಗಳನ್ನು ಕೂಡಿಸಿ ಮುಂದಕ್ಕೆ ಚಾಚಿ, ಆ ಚೂರನ್ನು ಇಸಿದುಕೊಂಡರು. ಕೂಡಲೇ ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಜನ ಕಾದರು. ಆಮೇಲೆ ಅದನ್ನು ಮೆಲ್ಲಗೆ ತಿಂದರು.