ಅಕ್ಕನ ಪಾಲಿನ ಹಾಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೊಂದು ಹಕ್ಕಿಮರಿ ಬಂದಿತ್ತು. ಅದು ಪಿಕಳಾರವೋ ಗೊರವಂಕವೋ, ನನಗೀಗ ಖಾತ್ರಿಯಿಲ್ಲ ಮಕ್ಕಳೇ. ಬೇರೆ ವಿವರಗಳೂ ತಪ್ಪಿರಬಹುದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾವು ಯಲ್ಲಾಪುರ ಪೇಟೆಯಲ್ಲಿ ಬಾಡಿಗೆಗಿದ್ದೆವು. ಅಕ್ಕ ವಿಷಮಜ್ವರದಿಂದ ಮಲಗಿದ್ದಳು ಎಂಬುದು ಮಾತ್ರ ನಿಜ.

ಡಾಕ್ಟರು ಅವಳಿಗೆ ಹಾಲು, ಗಂಜಿ ಬಿಟ್ಟು ಬೇರೇನೂ ಕೊಡಬಾರದು ಎಂದಿದ್ದರು. ಹಾಲಿನ ಲೋಟ ಕಂಡರೆ ಅಕ್ಕ ಮುಖ ತಿರುಗಿಸುತ್ತಿದ್ದಳು. ಕಿಟಕಿಯಾಚೆಯ ದಾಸವಾಳದ ಬುಡದಲ್ಲಿ ಬಿದ್ದಿದ್ದ ಮರಿಯನ್ನು ನಾನು ತಂದುಕೊಟ್ಟ ಮೇಲೆ ಅವಳು ಎದ್ದು ಕೂತಳು. ಮರಿಯ ಮೈ ಬೆಚ್ಚಗಿತ್ತು. ರೆಕ್ಕೆಯಲ್ಲಿ ಇನ್ನೂ ಗರಿಯಿಲ್ಲ, ಮುಳ್ಳಿನಂಥ ಕಡ್ಡಿಗಳಷ್ಟೇ.

“ಯಂಗೆ ಹಾಲು ಕುಡದ್ರೆ ಹುಷಾರಾಗ್ತಡ. ಇದಕ್ಕೂ ಆಗ್ತು ನೋಡು,” ಎಂದು ಅಕ್ಕ ಹತ್ತಿಯ ಬತ್ತಿಯನ್ನು ತನ್ನ ಹಾಲಿನಲ್ಲಿ ಅದ್ದಿ ಅದರ ಕೆಂಪು ಬಾಯಿಗೆ ಹಿಂಡಿದಳು.

ಅಪ್ಪ ಬಾಗಿಲಲ್ಲಿ ನಿಂತು ನಕ್ಕರು. “ಇದು ಹಕ್ಕಿಯನೆ ಕೂಸೆ, ಆಕಳ ಕರುವನೆ?”

ಹಲವು ದಿನಗಳ ಮೇಲೆ ಅಕ್ಕ ನಕ್ಕಿದ್ದಳು. ಅಮ್ಮ ಇನ್ನಷ್ಟು ಹಾಲು ಬಿಸಿ ಮಾಡಿ ತಂದರು. ಹೊರಗೆ ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬೇಲಿಯಿಂದ ಬೇಲಿಗೆ ಹಾರುತ್ತಿತ್ತು. ನಾವೆಲ್ಲ ಅದನ್ನು ನೋಡಿದೆವು, ಆದರೆ ನಮಗೇನೂ ಹೊಳೆಯಲಿಲ್ಲ.

ಸಂಜೆಯ ಹೊತ್ತಿಗೆ ಮರಿ ನೀರುನೀರಾಗಿ ಹಿಕ್ಕೆ ಹಾಕತೊಡಗಿತು. ಕತ್ತಿಗೆ ಅಂಟಿದ ಹಾಲು ಒಣಗಿ ಹುಳಿ ವಾಸನೆ ಬರುತ್ತಿತ್ತು. ಅದು ಬಳಲಿದಷ್ಟೂ ಅಕ್ಕ ಇನ್ನಷ್ಟು ಕುಡಿಸಿದಳು. ಬೆಳಿಗ್ಗೆ ಅವಳು ಏಳುವ ಮೊದಲೇ ಅಮ್ಮ ಮರಿಯನ್ನು ಕರಿಬೇವಿನ ಬುಡದಲ್ಲಿ ಹುಗಿದರು. ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟರು. ಬೆರಳಿಗೆ ಮಣ್ಣು ಮೆತ್ತಿತ್ತು.

“ಹಾರಿ ಹೋತು ಕೂಸೆ. ಅದರ ಅಮ್ಮ ಬಂದು ಕರಕಂಡು ಹೋತು,” ಎಂದರು ಅಕ್ಕನಿಗೆ.

ಅಕ್ಕ ಕಿಟಕಿಯ ಕಡೆ ನೋಡಿದಳು. ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ಪೂರ್ತಿ ಹಾಲು ಕುಡಿದಳು. ಅವಳಿಗೆ ಗುಣವಾಗುವವರೆಗೂ ಹಾಗೆಯೇ ಕುಡಿದಳು.

ಹಕ್ಕಿಗೆ ಹಾಲು ಅರಗುವುದಿಲ್ಲ ಎಂದು ನೀವು ಮೊನ್ನೆ ಮೊಬೈಲಿನಲ್ಲಿ ಓದಿ ಹೇಳಿದಿರಿ, ಲೋಟದ ಚಹಾ ಆರುವುದರೊಳಗೆ. ನಮ್ಮ ಮನೆಯಲ್ಲಿ ಆಗ ಹಾಲಿಗಿಂತ ಒಳ್ಳೆಯದು ಯಾವುದೂ ಇರಲಿಲ್ಲ. ಇದ್ದ ಒಳ್ಳೆಯದನ್ನೇ ಅದಕ್ಕೆ ಕೊಟ್ಟೆವು. ಮೊನ್ನೆ ರಾತ್ರಿಯೇ ನಾನು ಅಕ್ಕನಿಗೆ ಫೋನು ಮಾಡಿದೆ. ಹಾಲಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಬೇರೆಯದನ್ನೇ ಕೇಳಿದೆ. ಅವಳು ನಿಮ್ಮ ಪರೀಕ್ಷೆ ಯಾವಾಗ ಎಂದು ವಿಚಾರಿಸಿದಳು.

ನಾನು ಕೇಳಿದ್ದು ಇಷ್ಟೇ: “ಅಕ್ಕಾ, ಆ ಮರಿಗೆ ರೆಕ್ಕೆನೇ ಬಲತಿತ್ತಿಲ್ಲೆ. ಹಾರಿ ಹೋತು ಹೇಳಿ ನೀ ಆವತ್ತು ನಂಬಿದ್ಯನೆ?”